ಗದ್ದುಗೆ ಏರಿ ಇಳಿದ ಸನ್ಯಾಸಿ: ಶ್ರೀ ವ್ಯಾಸರಾಯರ ಬದುಕು

ಶಿಕಾಗೋ ಕಡೆ ಆಗಲಿ, ಡೆಟ್ರಾಯಿಟ್ ಕಡೆ ಆಗಲಿ, ನಮ್ಮವರ ಯುಗಾದಿ, ರಾಜ್ಯೋತ್ಸವ ಅಂದರೆ ವೇದಿಕೆ ಮೇಲೆ ಒಂದು ಭರತನಾಟ್ಯ ಇದ್ದೇ ಇರುತ್ತದೆ. ಭರತನಾಟ್ಯ ಅಂದಮೇಲೆ, ಕೃಷ್ಣನನ್ನು ಬೇಗ ಬಾ ಅಂತ ಕರೆಯುವ ಆ ಯಮುನಾಕಲ್ಯಾಣಿ ರಾಗದ ಹಾಡೂ ಬಂದೇ ಬರುತ್ತದೆ. ತಮಿಳುನಾಡಿನ ಬಾಲಸರಸ್ವತಿ ಅವರು ಅದಕ್ಕೆ ಅಭಿನಯ ಮಾಡಿ ದೇಶ ವಿದೇಶಗಳಲ್ಲಿ ಹೆಸರು ಮಾಡಿದರು. ಆದರೆ ಹಾಡು ಯಾರದು ಅಂತ ಕೇಳಿ ನೋಡಿ, ಅರ್ಧ ಜನ ಪುರಂದರದಾಸರದು ಅಂತಾರೆ. ಸಂಪ್ರದಾಯದ ಪ್ರಕಾರ ಅದು ಪುರಂದರದಾಸರ ಗುರುಗಳಾದ ವ್ಯಾಸರಾಯರದು. ಹಾಡು ಗೊತ್ತು, ಹಾಡಿದವರು ಗೊತ್ತಿಲ್ಲ ಅನ್ನುವ ಸ್ಥಿತಿ. ಅದಕ್ಕೇ ಈ ಸಲ ಅವರ ಬದುಕನ್ನೇ ಸ್ವಲ್ಪ ಹೇಳೋಣ ಅನ್ನಿಸಿತು.

ವ್ಯಾಸರಾಯರು ಬರೀ ಮಠದ ಸ್ವಾಮಿಗಳಾಗಿ ಇದ್ದವರಲ್ಲ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ರಾಜರ ಪಕ್ಕದಲ್ಲಿ ಕೂತು ಮಾತು ಹೇಳಿದವರು. ಸಾಳುವ ನರಸಿಂಹ, ಅವನ ಮಗ ಇಮ್ಮಡಿ ನರಸಿಂಹನ ಹೆಸರಿನಲ್ಲಿ ಆಡಳಿತ ನಡೆಸಿದ ನರಸನಾಯಕ, ವೀರನರಸಿಂಹ, ಕೃಷ್ಣದೇವರಾಯ, ಅಚ್ಯುತರಾಯ, ಹೀಗೆ ಒಬ್ಬರ ಹಿಂದೆ ಒಬ್ಬರು. ನಡುವೆ ವಂಶವೇ ಬದಲಾಯಿತು, ಗದ್ದುಗೆಗಾಗಿ ಕೊಲೆಗಳೂ ನಡೆದವು. ನಾವಿಲ್ಲಿ ಆಫೀಸಿನಲ್ಲಿ ಮ್ಯಾನೇಜರ್ ಬದಲಾದರೆ ಎರಡು ತಿಂಗಳು ನಿದ್ದೆ ಕೆಡಿಸಿಕೊಳ್ಳುತ್ತೇವೆ. ಇವರು ಅಷ್ಟೂ ದೊರೆಗಳ ಕಾಲದಲ್ಲಿ ಗೌರವ ಉಳಿಸಿಕೊಂಡರು. ಅದು ಹೇಗೆ ಅನ್ನೋದೇ ಅವರ ಕತೆ.

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಅವರ ಹುಟ್ಟೂರು. ಕಾವೇರಿ ಬಯಲಿನ ಊರು, ಬನ್ನೂರು ಕುರಿಗೆ ಹೆಸರಾದ ಊರು. ಹುಟ್ಟಿದ್ದು 1460ರಲ್ಲಿ ಅಂತ ವಿದ್ವಾಂಸರು ಲೆಕ್ಕ ಹಾಕುತ್ತಾರೆ. ತಂದೆ ಬಲ್ಲಣ್ಣ ಸುಮತಿ. ಮಗುವಿಗೆ ಇಟ್ಟ ಹೆಸರು ಯತಿರಾಜ. ಚನ್ನಪಟ್ಟಣದ ಹತ್ತಿರ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರು ಅಂತ ಮಾಧ್ವ ಯತಿಗಳಿದ್ದರು. ಅವರ ಆಶೀರ್ವಾದದಿಂದ ಹುಟ್ಟಿದ ಮಗು, ಮಠಕ್ಕೇ ಕೊಡಬೇಕಾದ ಮಗು ಅಂತ ಮನೆಯಲ್ಲಿ ನಂಬಿಕೆ. ಹುಡುಗ ಓದಿನಲ್ಲಿ ಚುರುಕು. ಮುಂಜಿ ಆಯಿತು, ಗುರುಕುಲದ ಓದು ಆಯಿತು, ಮನೆಗೆ ಬಂದು ಕಾವ್ಯ ನಾಟಕ ಎಲ್ಲಾ ಓದಿದ್ದೂ ಆಯಿತು. ಆಮೇಲೆ ಅಪ್ಪ ಅವನನ್ನು ಅಬ್ಬೂರಿಗೆ ಕಳಿಸಿದರು.

ಇವರ ಜೀವನಚರಿತ್ರೆಯನ್ನು ಅವರ ಕಾಲದವನೇ ಆದ ಸೋಮನಾಥ ಅನ್ನುವ ಕವಿ ಸಂಸ್ಕೃತದಲ್ಲಿ ಬರೆದಿದ್ದಾನೆ. ಹೆಸರು ವ್ಯಾಸಯೋಗಿಚರಿತ. ವಿಶೇಷ ಏನಪ್ಪಾ ಅಂದರೆ ಈ ಸೋಮನಾಥ ಸ್ಮಾರ್ತ. ಅಂದರೆ ವ್ಯಾಸರಾಯರು ಜೀವನವಿಡೀ ಯಾವ ಅದ್ವೈತ ಮತವನ್ನು ಖಂಡಿಸಿದರೋ ಅದೇ ಕಡೆಯವನು ಅವರನ್ನು ಹೊಗಳಿ ಕಾವ್ಯ ಬರೆದ. ಆ ಪುಸ್ತಕ 1926ರಲ್ಲಿ ಬಿ. ವೆಂಕೋಬರಾಯರ ಸಂಪಾದನೆಯಲ್ಲಿ ಅಚ್ಚಾದ ಮೇಲೆ ವ್ಯಾಸರಾಯರ ಬದುಕಿನ ಎಷ್ಟೋ ಸಂಗತಿ ಬೆಳಕಿಗೆ ಬಂತು.

ಸೋಮನಾಥ ಒಂದು ಸಂಗತಿ ಮುಚ್ಚಿಡದೆ ಹೇಳುತ್ತಾನೆ. ಅಬ್ಬೂರಿನಲ್ಲಿದ್ದ ಯತಿರಾಜನಿಗೆ, ಗುರುಗಳು ತನಗೆ ಸನ್ಯಾಸ ಕೊಡುವ ಯೋಚನೆಯಲ್ಲಿದ್ದಾರೆ ಅನ್ನುವ ವಾಸನೆ ಹತ್ತಿತು. ಹುಡುಗ ಹೆದರಿದ. ಯಾರಿಗೂ ಹೇಳದೆ ಮಠ ಬಿಟ್ಟು ಊರ ದಾರಿ ಹಿಡಿದ. ಕಾಡಿನಲ್ಲಿ ರಾತ್ರಿಯಾಯಿತು, ಒಂದು ಮರದ ಕೆಳಗೆ ಮಲಗಿದ. ಕನಸಿನಲ್ಲಿ ವಿಷ್ಣು ಕಾಣಿಸಿಕೊಂಡು ಇನ್ನೇನು ಮಾಡಬೇಕು ಅಂತ ತಿಳಿಸಿದನಂತೆ. ಬೆಳಿಗ್ಗೆ ಎದ್ದವನೇ ಬನ್ನೂರಿಗೆ ಹೋಗದೆ ಅಬ್ಬೂರಿಗೇ ತಿರುಗಿದ, ಕಾವಿ ಉಟ್ಟ, ವ್ಯಾಸತೀರ್ಥನಾದ. ಅಮ್ಮನ ಅಡುಗೆ ಮನೆ ಒಂದು ಕಡೆ, ಮುಂದಿನ ದಾರಿ ಇನ್ನೊಂದು ಕಡೆ ಇದ್ದಾಗ ಹದಿನಾರರ ಹುಡುಗನ ಕಾಲು ಯಾವ ಕಡೆ ಎಳೆಯುತ್ತದೆ ಅನ್ನೋದು ಊರು ಬಿಟ್ಟು ಬಂದವರಿಗೆಲ್ಲ ಗೊತ್ತು.

ಅದರ ಹಿಂದೆಯೇ ಕಷ್ಟ ಬಂತು. 1475-76ರಲ್ಲಿ ದೊಡ್ಡ ಬರಗಾಲ. ಅದೇ ಸುಮಾರಿಗೆ ಬ್ರಹ್ಮಣ್ಯತೀರ್ಥರು ತೀರಿಕೊಂಡರು. ಮಠದ ಹೊಣೆ ಇನ್ನೂ ಮೀಸೆ ಮೂಡುತ್ತಿದ್ದ ಹುಡುಗನ ತಲೆ ಮೇಲೆ ಬಿತ್ತು. ಪೀಠದ ಮೇಲೆ ಕೂತರೆ ಸಾಕು, ಜನ ಕಾಲಿಗೆ ಬೀಳುತ್ತಾರೆ. ಆದರೆ ಇವರಿಗೆ ಅಷ್ಟು ಸಾಲದು ಅನ್ನಿಸಿತು. ಓದುವುದಕ್ಕೆ ಕಂಚಿಗೆ ಹೋದರು. ಕಂಚಿ ಆಗ ದಕ್ಷಿಣದ ದೊಡ್ಡ ವಿದ್ಯಾಕೇಂದ್ರ. ನ್ಯಾಯ, ಮೀಮಾಂಸೆ, ಅದ್ವೈತ, ವಿಶಿಷ್ಟಾದ್ವೈತ, ಹೀಗೆ ಬೇರೆಯವರ ಶಾಸ್ತ್ರಗಳನ್ನೆಲ್ಲ ಬೇರೆಯವರ ನಡುವೆಯೇ ಇದ್ದು ಕಲಿತರು. ಆಮೇಲೆ ಕೋಲಾರ ಸೀಮೆಯ ಮುಳಬಾಗಿಲಿಗೆ ಬಂದು ಶ್ರೀಪಾದರಾಜರ ಹತ್ತಿರ ಐದಾರು ವರ್ಷ ಕಲಿತರು. ಶ್ರೀಪಾದರಾಜರು ಮಠದಲ್ಲಿ ಕನ್ನಡ ಹಾಡಿಗೆ ಜಾಗ ಕೊಟ್ಟವರು. ಸಂಸ್ಕೃತದ ತರ್ಕ ಒಂದು ಕೈಯಲ್ಲಿ, ಕನ್ನಡದ ಪದ ಇನ್ನೊಂದು ಕೈಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ವ್ಯಾಸರಾಯರಿಗೆ ಬಂದಿದ್ದು ಅಲ್ಲಿಂದ.

ಅರಮನೆಗೆ ದಾರಿ ತೋರಿಸಿದ್ದೂ ಶ್ರೀಪಾದರಾಜರೇ. ಆಗ ವಿಜಯನಗರದ ಸ್ಥಿತಿ ನೆಟ್ಟಗಿರಲಿಲ್ಲ. ಸಂಗಮ ವಂಶದ ಕೊನೆಯ ರಾಜರು ಕೈಲಾಗದವರು, ಒಂದೊಂದೇ ಸೀಮೆ ಕೈ ಬಿಟ್ಟು ಹೋಗುತ್ತಿತ್ತು. ಚಂದ್ರಗಿರಿಯಲ್ಲಿ ಅಧಿಕಾರಿಯಾಗಿದ್ದ ಸಾಳುವ ನರಸಿಂಹ 1485ರ ಸುಮಾರಿಗೆ ರಾಜ್ಯವನ್ನೇ ಕೈಗೆ ತೆಗೆದುಕೊಂಡ. ಅವನ ಬಳಿ ಹೋಗಿ ಅಂತ ಗುರುಗಳು ಹೇಳಿದರು, ಇವರು ಚಂದ್ರಗಿರಿಗೆ ಹೋದರು. ಅಲ್ಲಿಂದ ತಿರುಪತಿ ಕೂಗಳತೆ ದೂರ. 1486ರಿಂದ 1498ರವರೆಗೆ ಹನ್ನೆರಡು ವರ್ಷ ತಿರುಮಲೆಯಲ್ಲಿ ಇವರೇ ವೆಂಕಟರಮಣನ ಪೂಜೆ ನಡೆಸಿದರು ಅಂತ ಮಾಧ್ವ ಪರಂಪರೆ ಹೇಳುತ್ತದೆ. ತಿರುಮಲೆ ಶ್ರೀವೈಷ್ಣವರ ಹಿಡಿತದ ಕ್ಷೇತ್ರ. ಬೇರೆ ಮತದ ಯತಿಯೊಬ್ಬರು ಅಲ್ಲಿ ಅಷ್ಟು ವರ್ಷ ನಿಂತು, ಅಲ್ಲಿಯವರ ಜೊತೆ ಜಗಳವಾಡಿ ಹೊರಬೀಳದೆ ಬದುಕಿದರು ಅಂದರೆ, ರಾಯಭಾರದ ಮೊದಲ ಪಾಠ ಅವರಿಗೆ ಅಲ್ಲೇ ಆಗಿರಬೇಕು.

ಸಾಳುವ ನರಸಿಂಹ 1491ರಲ್ಲಿ ತೀರಿಕೊಂಡ. ಅವನ ಮಕ್ಕಳು ಚಿಕ್ಕವರು. ಸೇನಾಪತಿ ನರಸನಾಯಕ ಅವರ ಹೆಸರಿನಲ್ಲಿ ರಾಜ್ಯ ಆಳಿದ. ಅವನ ಕರೆಯ ಮೇಲೆ ವ್ಯಾಸರಾಯರು ರಾಜಧಾನಿಗೆ ಬಂದರು. ಹಂಪಿಗೆ ಬಂದ ಮೇಲೆ ಮೊದಲ ದೊಡ್ಡ ಪರೀಕ್ಷೆ ಕಳಿಂಗದಿಂದ ಬಂದ ಬಸವಭಟ್ಟ ಅನ್ನುವ ವಿದ್ವಾಂಸನದು. ಕಳಿಂಗ ಅಂದರೆ ಒರಿಸ್ಸಾದ ಗಜಪತಿಗಳ ರಾಜ್ಯ, ವಿಜಯನಗರದ ಹಳೇ ವೈರಿ. ಆಗೆಲ್ಲ ಒಂದು ರಾಜ್ಯ ಇನ್ನೊಂದನ್ನು ಕೆಣಕುವುದಕ್ಕೆ ಯಾವಾಗಲೂ ಆನೆ ಕುದುರೆಯನ್ನೇ ಕಳಿಸಬೇಕಾಗಿರಲಿಲ್ಲ, ಒಬ್ಬ ಪಂಡಿತನನ್ನು ಕಳಿಸಿದರೂ ಸಾಕಿತ್ತು. ತುಂಬಿದ ಸಭೆಯಲ್ಲಿ ನಮ್ಮವರು ಸೋತರೆ ಮಾನ ಹೋಗುವುದು ರಾಜನದು. ಮೂವತ್ತು ದಿನ ವಾದ ನಡೆಯಿತು, ಕೊನೆಗೆ ಬಸವಭಟ್ಟ ಸೋತ ಅಂತ ಸೋಮನಾಥ ಬರೆಯುತ್ತಾನೆ.

ಮುಂದೆ ಕೃಷ್ಣದೇವರಾಯನ ಕಾಲದಲ್ಲೂ ಕಳಿಂಗದ ಕಡೆಯಿಂದ ಇಂಥದೇ ಇನ್ನೊಂದು ಸವಾಲು ಬಂತು. ಈ ಸಲ ಮನುಷ್ಯ ಬರಲಿಲ್ಲ, ಒಂದು ಗ್ರಂಥ ಬಂತು. ಬಿಡಿಸಲಾಗದಷ್ಟು ಕಠಿಣವಾದ ಅದ್ವೈತ ಗ್ರಂಥ, ಸಾಧ್ಯವಿದ್ದರೆ ಉತ್ತರ ಕೊಡಿ ಅನ್ನುವ ಧಾಟಿಯಲ್ಲಿ. ರಾಯ ಅದನ್ನು ತಂದು ವ್ಯಾಸರಾಯರ ಮುಂದಿಟ್ಟ. ಇವರು ಓದಿ, ಒಂದೊಂದೇ ವಾದ ಬಿಡಿಸಿ ಖಂಡಿಸಿದರು. ಸಂತೋಷ ತಡೆಯಲಾರದೆ ರಾಯ ಅವರಿಗೆ ರತ್ನಾಭಿಷೇಕ ಮಾಡಿಸಿದ, ಅಂದರೆ ತಲೆಯ ಮೇಲಿಂದ ನೀರಿನ ಬದಲು ರತ್ನ ಸುರಿಸಿದ. ಸುರಿದ ರತ್ನಗಳನ್ನು ವ್ಯಾಸರಾಯರು ಅಲ್ಲೇ ಹಂಚಿಬಿಟ್ಟರು ಅಂತ ಕತೆ.

ಇದೇ ರಾಯ 1513ರಲ್ಲಿ ಉದಯಗಿರಿಗೆ ಮುತ್ತಿಗೆ ಹಾಕಿ ಗಜಪತಿಯ ಜೊತೆ ವರ್ಷಗಟ್ಟಲೆ ಯುದ್ಧ ಮಾಡಿದವನು, ಕೊನೆಗೆ ಗಜಪತಿಯ ಮಗಳನ್ನೇ ಮದುವೆಯಾಗಿ ಸಂಧಿ ಮಾಡಿಕೊಂಡವನು. ಉದಯಗಿರಿಯಿಂದ ತಂದ ಬಾಲಕೃಷ್ಣನ ವಿಗ್ರಹಕ್ಕೆ 1515ರಲ್ಲಿ ಹಂಪಿಯಲ್ಲಿ ಗುಡಿ ಕಟ್ಟಿಸಿದ. ಕತ್ತಿಯ ಯುದ್ಧ, ಮಾತಿನ ಯುದ್ಧ, ದೇವರ ವಿಗ್ರಹ, ಮದುವೆ, ಎಲ್ಲವೂ ಆ ಕಾಲದ ರಾಜಕಾರಣದ ದಾರಿಗಳೇ. ಅದರಲ್ಲಿ ಮಾತಿನ ದಾರಿ ವ್ಯಾಸರಾಯರದು.

ಇಲ್ಲಿ ಒಂದು ಮಾತು ಹೇಳಬೇಕು. ಎದುರಾಳಿಯನ್ನು ಗೆಲ್ಲುವುದಕ್ಕೆ ಇವರು ಎದುರಾಳಿಯ ಭಾಷೆಯನ್ನೇ ಕಲಿತರು. ಬಿಹಾರದ ಮಿಥಿಲೆಯಲ್ಲಿ ಗಂಗೇಶನಿಂದ ಬೆಳೆದ ನವ್ಯನ್ಯಾಯ ಅನ್ನುವ ತರ್ಕ ಆಗ ಹೊಸ ವಿದ್ಯೆ, ಇವತ್ತಿನ ಲೆಕ್ಕದಲ್ಲಿ ಹೊಸ ಟೆಕ್ನಾಲಜಿ ಇದ್ದ ಹಾಗೆ. ವ್ಯಾಸರಾಯರು ಅದನ್ನು ಪೂರಾ ಅರಗಿಸಿಕೊಂಡು ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕಾ ಅಂತ ಮೂರು ಗ್ರಂಥ ಬರೆದರು. ಮೂರನ್ನೂ ಸೇರಿಸಿ ವ್ಯಾಸತ್ರಯ ಅಂತಾರೆ. ನ್ಯಾಯಾಮೃತ ಎಷ್ಟು ಗಟ್ಟಿ ಪುಸ್ತಕ ಅಂದರೆ, ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿ ಅದ್ವೈತಸಿದ್ಧಿ ಬರೆಯಬೇಕಾಯಿತು. ಅದಕ್ಕೆ ಮಾಧ್ವರ ಕಡೆಯಿಂದ ತರಂಗಿಣಿ, ಅದಕ್ಕೆ ಮತ್ತೆ ಅದ್ವೈತಿಗಳ ಕಡೆಯಿಂದ ಬ್ರಹ್ಮಾನಂದರ ಉತ್ತರ, ಹೀಗೆ ತಲೆಮಾರುಗಟ್ಟಲೆ ವಾದ ಬೆಳೆಯಿತು. ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಿ, ಆಮೇಲೆ ತನ್ನ ಮಾತು ಹೇಳುವ ಈ ಪದ್ಧತಿಯಿಂದಲೇ ಅವರಿಗೆ ಬೇರೆ ಮತದವರ ಗೌರವವೂ ಸಿಕ್ಕಿತು.

ಇನ್ನು ಗದ್ದುಗೆಯ ಕತೆ. ಇದು ಶಾಸನದಲ್ಲಿ ಇರುವುದಲ್ಲ, ಜನರ ಬಾಯಲ್ಲಿ ಉಳಿದದ್ದು. ಕೃಷ್ಣದೇವರಾಯನಿಗೆ ಕುಹಯೋಗ ಅನ್ನುವ ಕೆಟ್ಟ ಗಳಿಗೆ ಬಂತು. ಆ ಹೊತ್ತಿನಲ್ಲಿ ಸಿಂಹಾಸನದ ಮೇಲೆ ಯಾರು ಕೂತಿರುತ್ತಾರೋ ಅವರ ಪ್ರಾಣಕ್ಕೆ ಅಪಾಯ. ಬೇರೆ ಯಾರನ್ನಾದರೂ ಕೂರಿಸಿ ಬಲಿ ಕೊಡುವುದು ಸುಲಭವಿತ್ತು. ವ್ಯಾಸರಾಯರು ತಾವೇ ಹೋಗಿ ಕೂತರು. ಗಂಡಾಂತರ ಸರ್ಪದ ರೂಪದಲ್ಲಿ ಬಂತು, ಇವರು ತಮ್ಮ ಕಾವಿ ಬಟ್ಟೆ ಅದರ ಮೇಲೆ ಎಸೆದರು, ಬಟ್ಟೆ ಉರಿದು ಬೂದಿಯಾಯಿತು, ರಾಜ ಉಳಿದ. ವ್ಯಾಸತೀರ್ಥರು ವ್ಯಾಸರಾಜರಾದದ್ದು, ಜನರ ಬಾಯಲ್ಲಿ ವ್ಯಾಸರಾಯರಾದದ್ದು ಆವತ್ತಿನಿಂದ ಅಂತ ಹೇಳುತ್ತಾರೆ. ಕತೆ ನಂಬುವವರು ನಂಬಲಿ, ಬಿಡುವವರು ಬಿಡಲಿ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಸರ್ಪ ಅಲ್ಲ. ಗಳಿಗೆ ಮುಗಿದ ಮೇಲೆ ಅವರು ಗದ್ದುಗೆಯಿಂದ ಇಳಿದು ಬಂದರು ಅನ್ನೋದು. ದಕ್ಷಿಣದ ಅತಿ ದೊಡ್ಡ ಸಾಮ್ರಾಜ್ಯದ ಸಿಂಹಾಸನ ಏರಿದವರು ಇಳಿದು ಮತ್ತೆ ಪಾಠ ಹೇಳಲು ಹೋದರು. ಜನ ಐನೂರು ವರ್ಷ ಈ ಕತೆಯನ್ನು ಬಿಡದೆ ಹೇಳಿಕೊಂಡು ಬಂದಿದ್ದಾರೆ ಅಂದರೆ, ಅವರ ಬಗ್ಗೆ ಜನರಿಗೆ ಇದ್ದ ಅಭಿಪ್ರಾಯ ಅದು.

ಸನ್ಯಾಸಿಗೆ ಅರಮನೆ ಯಾಕೆ ಬೇಕು ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅರಮನೆಯಿಂದ ಬಂದದ್ದನ್ನು ಅವರು ಏನು ಮಾಡಿದರು ಅಂತ ನೋಡಿದರೆ ಉತ್ತರ ಸಿಗುತ್ತದೆ. ಇಲ್ಲಿ ಕತೆ ಬೇಡ, ಶಾಸನಗಳೇ ಇವೆ.

1524ರ ತಿರುಮಲೆಯ ಶಾಸನಗಳಲ್ಲಿ ವ್ಯಾಸರಾಯರು ದೇವರಿಗೆ ನಿತ್ಯ ನೈವೇದ್ಯಕ್ಕೆ ದತ್ತಿ ಬಿಟ್ಟ ವಿವರ ಇದೆ. ಆ ಕಾಲದ ದತ್ತಿ ಅಂದರೆ ಹುಂಡಿಗೆ ದುಡ್ಡು ಹಾಕಿ ಬಂದ ಹಾಗಲ್ಲ. ಭಕ್ತರು ಕೊಟ್ಟ ಹಣದಲ್ಲಿ ದೇವಸ್ಥಾನದವರು ತಮ್ಮ ಹಳ್ಳಿಗಳಲ್ಲಿ ಕಾಲುವೆ ತೋಡಿಸುತ್ತಿದ್ದರು, ಕೆರೆ ಕಟ್ಟಿಸುತ್ತಿದ್ದರು. ನೀರು ಬಂದು ಹೆಚ್ಚು ಬೆಳೆದ ಭತ್ತದಿಂದ ನೈವೇದ್ಯ. ನೈವೇದ್ಯವಾದ ಪ್ರಸಾದದಲ್ಲಿ ಕಾಲು ಭಾಗ ದತ್ತಿ ಕೊಟ್ಟವರಿಗೆ ಸೇರುತ್ತಿತ್ತು. ವ್ಯಾಸರಾಯರ ಪಾಲು ಅವರ ಮಠಕ್ಕೆ ಹೋಗಿ ಅಲ್ಲಿದ್ದವರ ಊಟವಾಗುತ್ತಿತ್ತು. ರಾಜ ಕೊಟ್ಟ ಹಣ ದೇವರ ಹೆಸರಿನಲ್ಲಿ ಗದ್ದೆಗೆ ಹೋಗಿ, ಅನ್ನವಾಗಿ ಮತ್ತೆ ಮನುಷ್ಯರ ಎಲೆಗೆ ಬರುವ ವ್ಯವಸ್ಥೆ ಅದು.

1526ರಲ್ಲಿ ಕೃಷ್ಣದೇವರಾಯ ಅವರಿಗೆ ಬೆಟ್ಟಕೊಂಡ ಅನ್ನುವ ಊರನ್ನು ತಾಮ್ರಶಾಸನ ಬರೆಸಿ ಕೊಟ್ಟ. ಇವತ್ತಿನ ಆಂಧ್ರದ ಹಳೇ ಚಿತ್ತೂರು ಸೀಮೆ, ಮಳೆ ಕಮ್ಮಿ, ಕಲ್ಲು ಜಾಸ್ತಿ. ಅಲ್ಲಿ ದೊಡ್ಡ ಕೆರೆ ಆಯಿತು. ಹೆಸರು ವ್ಯಾಸಸಮುದ್ರ. ಎರಡು ಮೂರು ತಿಂಗಳು ಬರುವ ಮಳೆನೀರನ್ನು ಏರಿ ಕಟ್ಟಿ ನಿಲ್ಲಿಸಿ, ತೂಬಿನಿಂದ ಬೇಕಾದಷ್ಟೇ ಬಿಟ್ಟು, ವರ್ಷ ಪೂರ್ತಿ ಬದುಕುವ ಉಪಾಯ ನಮ್ಮ ಬಯಲುಸೀಮೆಯವರಿಗೆ ಹೊಸದಲ್ಲ. ಇಂಥ ಅಗ್ರಹಾರಗಳ ಒಡೆತನ ಹೆಚ್ಚಾಗಿ ಬ್ರಾಹ್ಮಣರಿಗೇ ಸೇರುತ್ತಿತ್ತು ಅನ್ನೋದು ನಿಜ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಹದಿನಾರನೇ ವಯಸ್ಸಿನಲ್ಲಿ ಬರಗಾಲ ಕಂಡವರು ಅರವತ್ತು ದಾಟಿದ ಮೇಲೆ ಒಂದು ಕೆರೆಗೆ ತಮ್ಮ ಹೆಸರು ಬಿಟ್ಟರು ಅನ್ನೋದು ಮನಸ್ಸಿಗೆ ತಟ್ಟುತ್ತದೆ.

ಈ ಕೆರೆಯ ಜೊತೆ ಕನಕದಾಸರ ಕತೆಯೂ ಸೇರಿಕೊಂಡಿದೆ. ಬಾಡ ಊರಿನ ಕುರುಬರ ಮುಖಂಡ ಕನಕ ಮಂತ್ರೋಪದೇಶ ಬೇಡಿ ಬಂದಾಗ, ಕುರುಬನಿಗೆ ಮಂತ್ರ ಇನ್ನೇನು, ಕೋಣ ಅನ್ನುವುದೇ ಮಂತ್ರ ಅನ್ನುವ ಹಾಗೆ ಮಾತು ಬಂತಂತೆ. ಕನಕ ಅದನ್ನೇ ನಂಬಿ ಜಪಿಸಿದ. ಯಮನ ಕೋಣವೇ ಬಂದು ನಿಂತಿತು. ಯಾರಿಂದಲೂ ಅಲುಗಿಸಲಾಗದ ಬಂಡೆಯೊಂದು ಕೆರೆ ಕೆಲಸಕ್ಕೆ ಅಡ್ಡವಾಗಿತ್ತು, ಕೋಣ ಅದನ್ನು ಸರಿಸಿತು. ಬಾಳೆಹಣ್ಣಿನ ಕತೆಯಂತೂ ನಮ್ಮ ಮಕ್ಕಳಿಗೂ ಗೊತ್ತು. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂತ ಗುರುಗಳು ಹಣ್ಣು ಕೊಟ್ಟರೆ, ದೇವರು ಎಲ್ಲೆಲ್ಲೂ ನೋಡುತ್ತಾನಲ್ಲ ಅಂತ ಕನಕನೊಬ್ಬ ಹಣ್ಣು ವಾಪಸ್ ತಂದ. ಈ ಎಲ್ಲ ಕತೆಗಳ ಹಿಂದೆ ಒಂದು ನಿಜವಾದ ಜಗಳ ಇದೆ. ಕನಕನನ್ನು ಗುರುಗಳು ಹತ್ತಿರ ಬಿಟ್ಟುಕೊಂಡದ್ದು ಮಠದ ಪಂಡಿತರಿಗೆ ಸಹಿಸಲಿಲ್ಲ. ಪುರಂದರದಾಸರು ಈ ಗುಸುಗುಸು ಕುರಿತೇ ಒಂದು ಪದ ಮಾಡಿದ್ದಾರೆ. ರಾಜರನ್ನು ಒಪ್ಪಿಸುವುದಕ್ಕಿಂತ ತಮ್ಮ ಮನೆಯವರನ್ನು ಒಪ್ಪಿಸುವುದೇ ವ್ಯಾಸರಾಯರಿಗೆ ಕಷ್ಟವಾಗಿರಬೇಕು. ಆದರೂ ಅವರು ಹಿಂದೆ ಸರಿಯಲಿಲ್ಲ.

ಪುರಂದರದಾಸರೂ ಹಾಗೆಯೇ ಬಂದವರು. ಲೇವಾದೇವಿಯ ಶ್ರೀನಿವಾಸ ನಾಯಕ ಎಲ್ಲಾ ಬಿಟ್ಟು ಹಂಪಿಗೆ ಬಂದಾಗ ದಾಸದೀಕ್ಷೆ ಕೊಟ್ಟು ಪುರಂದರ ವಿಠಲ ಅಂಕಿತ ಕೊಟ್ಟವರು ಇವರು. ಸೋದೆಯ ವಾದಿರಾಜರು, ಕುಂಭಕೋಣದ ವಿಜಯೀಂದ್ರರು ಇವರ ಬಳಿ ಓದಿದವರು. ಸಂಸ್ಕೃತದ ಪಂಡಿತರದು ವ್ಯಾಸಕೂಟ, ಕನ್ನಡದಲ್ಲಿ ಹಾಡುವವರದು ದಾಸಕೂಟ ಅಂತ ಹೆಸರಾಯಿತು. ಎರಡಕ್ಕೂ ಗುರು ಒಬ್ಬರೇ. ಪುರಂದರದಾಸರು ಹಾಕಿಕೊಟ್ಟರು ಅನ್ನುವ ಸರಳೆ, ಅಲಂಕಾರಗಳನ್ನೇ ಇವತ್ತು ನೇಪರ್‌ವಿಲ್‌ನಲ್ಲೂ ನೋವಿಯಲ್ಲೂ ಸಂಗೀತ ಕಲಿಯುವ ಮಕ್ಕಳು ಮೊದಲ ಪಾಠವಾಗಿ ಹಾಡುವುದು.

ಇನ್ನೊಂದು ಕೆಲಸ ಊರೂರಲ್ಲೂ ಕಾಣುತ್ತದೆ. 732 ಕಡೆ ಹನುಮಂತನ ಪ್ರತಿಷ್ಠೆ ಮಾಡಿದರು ಅಂತ ಪ್ರತೀತಿ. ಹಂಪಿಯ ಯಂತ್ರೋದ್ಧಾರಕ ಹನುಮ, ಬೆಂಗಳೂರು ಮೈಸೂರು ರಸ್ತೆಯ ಗಾಳಿ ಆಂಜನೇಯ ಇವರೇ ನಿಲ್ಲಿಸಿದ್ದು ಅಂತ ನಂಬಿಕೆ. ತಲೆಯ ಮೇಲೆ ಬಾಗಿ ಬಂದ ಬಾಲ, ಬಾಲದ ತುದಿಗೆ ಗಂಟೆ ಕಂಡರೆ ಇದು ವ್ಯಾಸರಾಯರ ಹನುಮಂತ ಅಂತ ಹಿರಿಯರು ಗುರುತಿಸುತ್ತಾರೆ. ರಜೆಗೆ ಊರಿಗೆ ಹೋದಾಗ ನಿಮ್ಮೂರಿನ ಗುಡಿಯಲ್ಲಿ ಒಮ್ಮೆ ನೋಡಿ.

ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ತಮ್ಮ ಅಚ್ಯುತರಾಯ ಪಟ್ಟಕ್ಕೆ ಬಂದ. ಹತ್ತು ವರ್ಷದ ಮೇಲೆ, 1539ರ ಮಾರ್ಚ್‌ನಲ್ಲಿ, ವಿಲಂಬಿ ಸಂವತ್ಸರದ ಫಾಲ್ಗುಣ ಬಹುಳ ಚೌತಿಯ ದಿನ ವ್ಯಾಸರಾಯರು ಹಂಪಿಯಲ್ಲಿ ಕಾಲವಾದರು. ಆನೆಗೊಂದಿಯ ಹತ್ತಿರ ತುಂಗಭದ್ರೆಯ ನಡುಗಡ್ಡೆಯಲ್ಲಿ, ಈಗ ನವವೃಂದಾವನ ಅನ್ನುವ ಕಡೆ, ಅವರ ವೃಂದಾವನ ಇದೆ. 1565ರಲ್ಲಿ ವಿಜಯನಗರ ಹಾಳಾಯಿತು. ಅರಮನೆಯ ತಳಪಾಯ ಮಾತ್ರ ಉಳಿಯಿತು, ಅವರು ಕೂತಿದ್ದ ಗದ್ದುಗೆ ಎಲ್ಲಿ ಹೋಯಿತೋ.

2019ರ ಜುಲೈನಲ್ಲಿ ಒಂದು ರಾತ್ರಿ ನಿಧಿ ಆಸೆಗೆ ಕಳ್ಳರು ನಡುಗಡ್ಡೆಗೆ ಹೋಗಿ ವ್ಯಾಸರಾಯರ ವೃಂದಾವನವನ್ನು ಒಡೆದು ಅಗೆದರು. ಸುದ್ದಿ ವಾಟ್ಸ್ಆಪ್‌ನಲ್ಲಿ ನಮಗೂ ಬಂತು, ನೆನಪಿರಬಹುದು. ರಾಜಗುರುಗಳ ಸಮಾಧಿ ಅಂದಮೇಲೆ ಒಳಗೆ ಚಿನ್ನ ಇರಲೇಬೇಕು ಅಂತ ಅವರ ಲೆಕ್ಕ. ಮೈಮೇಲೆ ಸುರಿದ ರತ್ನವನ್ನೇ ನಿಂತಲ್ಲೇ ಹಂಚಿದವರ ವೃಂದಾವನ ಅದು ಅಂತ ಪಾಪ ಅವರಿಗೆ ಯಾರೂ ಹೇಳಿರಲಿಲ್ಲ. ವಿವಿಧ ಮಠದವರು, ಭಕ್ತರು ಓಡಿ ಬಂದರು, ಕಲ್ಲುಗಳನ್ನು ಜೋಡಿಸಿ ಬೇಗನೆ ವೃಂದಾವನ ಮತ್ತೆ ಎಬ್ಬಿಸಿದರು. ಪೊಲೀಸರು ಕಳ್ಳರನ್ನೂ ಹಿಡಿದರು.

ಅವರ ಹೆಸರಿನ ಮಠ ಮುಂದೆ ಎರಡು ಕವಲಾಯಿತು. ಒಂದು ಕುಂದಾಪುರದ್ದು, ಇನ್ನೊಂದು ಸೋಸಲೆಯದು. ಸೋಸಲೆ ಇರುವುದು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿನ ಸೀಮೆಯಲ್ಲೇ. ಹದಿನಾರನೇ ವಯಸ್ಸಿನಲ್ಲಿ ಮನೆ ದಾರಿ ಹಿಡಿದು ಅರ್ಧಕ್ಕೆ ತಿರುಗಿ ಹೋದ ಹುಡುಗನ ಹೆಸರು, ಕಂಚಿ, ಮುಳಬಾಗಿಲು, ತಿರುಪತಿ, ಹಂಪಿ ಎಲ್ಲಾ ಸುತ್ತಿ, ಕಾವೇರಿ ಸೀಮೆಗೇ ಬಂದು ನಿಂತಿದೆ.